ಹಿಂದಿನ ಚಕ್ರದ ಐದು ನಟ್ಟು

ಶಿಕಾರಿಪುರ, ೧೯ ಜನವರಿ ೧೯೫೮, ಭಾನುವಾರ

ಇವತ್ತು ನನ್ನ ಕಾರು ಎತ್ತಿನ ಹಿಂದೆ ನಡೆದು ಊರು ಸೇರಿತು. ಜವಳಿ ಅಂಗಡಿ ತೋಟಪ್ಪನ ಕಾರು ಅಂದರೆ ಹತ್ತು ಹಳ್ಳಿಯವರು ದಾರಿ ಬಿಡುತ್ತಾರೆ. ಅಂಥ ಕಾರಿಗೆ ಗಾಡಿ ಚೌಡಪ್ಪ ಹಗ್ಗ ಕಟ್ಟಿ ಜೋಡೆತ್ತಿನಿಂದ ಎಳೆಸಿದ. ಪೇಟೆ ಬೀದಿಯಲ್ಲಿ ಒಬ್ಬರೂ ಒಳಗೆ ಕೂತಿರಲಿಲ್ಲ, ಎಲ್ಲರೂ ಕಟ್ಟೆಯ ಮೇಲೆ ಬಂದು ನಿಂತಿದ್ದರು. ನಾನು ಸ್ಟೇರಿಂಗ್ ಹಿಡಿದು ಯಾರ ಮುಖವನ್ನೂ ನೋಡದೆ ಕೂತಿದ್ದೆ.

ಆದದ್ದು ಇಷ್ಟೇ. ಶಿರಾಳಕೊಪ್ಪದ ರಸ್ತೆಯಲ್ಲಿ ಊರು ಎರಡು ಮೈಲಿ ಇರುವಾಗ ಬಲಗಡೆಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ಆದರೇನು, ಸ್ಟೆಪ್ನಿ ಇದೆ, ಜಾಕ್ ಇದೆ, ನಟ್ಟು ಬಿಚ್ಚುವ ಬಾಕ್ಸ್ ಪಾನ ಸೀಟಿನ ಕೆಳಗಿದೆ, ಹತ್ತು ನಿಮಿಷದ ಕೆಲಸ ಅಂದುಕೊಂಡು ಪಂಚೆ ಎತ್ತಿಕಟ್ಟಿದೆ. ಪಾನ ನಟ್ಟಿನ ಮೇಲೆ ಕೂರಲಿಲ್ಲ. ಐದು ನಟ್ಟಿಗೂ ಹಿಡಿದು ನೋಡಿದೆ. ದೊಡ್ಡವರ ತಲೆಗೆ ಮಗುವಿನ ಕುಲಾವಿ ಇಟ್ಟ ಹಾಗೆ ಮೇಲೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಪಾನ ಚಿಕ್ಕದು.

ಎಂಟು ವರ್ಷ ಸರಿಯಾಗಿದ್ದ ಪಾನ ಈಗ ಚಿಕ್ಕದಾಗುವುದು ಹೇಗೆ? ನನಗೆ ಆ ಜಾಗದಲ್ಲೇ ಗೊತ್ತಾಯಿತು. ಹೋದ ಆಯುಧಪೂಜೆಯಲ್ಲಿ ನಾನು ಕೆಲಸದಿಂದ ತೆಗೆದ ಡ್ರೈವರ್ ಲೋಕಪ್ಪ, ಈಸೂರಿನವನು, ಹೋಗುವಾಗ ಒಳ್ಳೆಯ ಪಾನ ಎತ್ತಿಕೊಂಡು ಕೆಲಸಕ್ಕೆ ಬಾರದ್ದನ್ನು ಇಟ್ಟು ಹೋಗಿದ್ದಾನೆ. ಹೊಟ್ಟೆಯುರಿ. ಚೌಡಪ್ಪನಿಗೆ ದಾರಿಯುದ್ದಕ್ಕೂ ಇದನ್ನೇ ಹೇಳಿದೆ. ಇಲ್ಲೂ ಬರೆದಿಡುತ್ತೇನೆ: ಲೋಕಪ್ಪ ಕಳ್ಳ.

ಬೇರೆ ದಿನವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಫೆಬ್ರವರಿ ಮೂರಕ್ಕೆ ಸೊರಬದ ಸ್ಕೂಲಿನಲ್ಲಿ ಕಣ್ಣಿನ ಶಿಬಿರ. ಮನೆಯವಳ ಎಡಗಣ್ಣಿನ ಪೊರೆ ತೆಗೆಸಬೇಕು. ಬಲಗಣ್ಣು ಎರಡು ವರ್ಷದ ಹಿಂದೆಯೇ ಹೋಯಿತು. ಶಿವಮೊಗ್ಗದಲ್ಲಿ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಬಸ್ಸಿನಲ್ಲಿ ಬರುವಾಗ ಕುಲುಕಾಟಕ್ಕೆ ಒಳಗೆ ರಕ್ತ ತುಂಬಿತು. ಆಗ ಕಾರು ಬೇರೆ ಕೆಲಸದ ಮೇಲೆ ಹೋಗಿತ್ತು. ಮೊನ್ನೆ ಇಲ್ಲಿಗೆ ಬಂದು ಪರೀಕ್ಷೆ ಮಾಡಿದ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಉಳಿದಿರುವುದು ಒಂದೇ ಕಣ್ಣು, ಬಸ್ಸು ಗಾಡಿಯಲ್ಲಿ ವಾಪಸ್ ಕರೆದೊಯ್ಯುವ ಹಾಗಿದ್ದರೆ ನಾನು ಕೈ ಹಾಕುವುದಿಲ್ಲ, ಕಾರಿದ್ದರೆ ಕರೆತನ್ನಿ ಎಂದು. ನನ್ನ ಹತ್ತಿರ ಕಾರಿದೆ ಡಾಕ್ಟರೇ ಎಂದು ನಾನು ಎದೆಯುಬ್ಬಿಸಿ ಹೇಳಿದ್ದೆ. ಮಿಲ್ಲಿನವರು ತಮ್ಮದನ್ನು ಮಾರಿದ ಮೇಲೆ ಬಾಡಿಗೆಗೆ ಕೇಳಲು ಊರಲ್ಲಿ ಇನ್ನೊಂದು ಕಾರೂ ಇಲ್ಲ.

ಹದಿನೈದು ದಿನ ಇದೆ. ಒಂದು ಪಾನ ಸಿಗದೆ ಎಲ್ಲಿಗೆ ಹೋಗುತ್ತದೆ, ನೋಡೋಣ.

೨೦ ಜನವರಿ

ಬಸ್ ಕಂಪನಿಯ ಫಿಟ್ಟರ್ ಉಚ್ಚಂಗಪ್ಪನನ್ನು ಕರೆಸಿದೆ. ಅವನ ಪಾನಗಳೆಲ್ಲ ಬಸ್ಸಿನವು, ನನ್ನ ನಟ್ಟಿಗೆ ಕೊಡ ಕವುಚಿದ ಹಾಗೆ ಮುಚ್ಚಿಕೊಳ್ಳುತ್ತವೆ. ಸಂಜೆಗತ್ತಲಲ್ಲಿ ಬಗ್ಗಿ ನೋಡಿ, ಅಮೆರಿಕದ ಕಾರಿನ ಅಳತೆ ನಮ್ಮ ಹತ್ತಿರ ಇಲ್ಲ, ಉಳಿಯಲ್ಲಿ ಕಡಿದು ಹಾಕಲೇ ಎಂದು ಕೇಳಿದ. ಕಡಿದ ಮೇಲೆ ಹೊಸ ನಟ್ಟು ನಿಮ್ಮಪ್ಪ ಅಮೆರಿಕದಿಂದ ತರುತ್ತಾನಾ ಅಂದೆ. ಆಮೇಲೆ ಲೋಕಪ್ಪನ ಕಳ್ಳತನದ ವಿಷಯ ಹೇಳಿದೆ, ಕಾರು ನೋಡಲೆಂದು ಜೊತೆಗೆ ಬಂದಿದ್ದ ಅವನ ಮ್ಯಾನೇಜರೂ ಅಲ್ಲೇ ಇದ್ದರು. ಉಚ್ಚಂಗಪ್ಪ ಕೈ ಒರೆಸಿಕೊಳ್ಳುತ್ತ "ಲೋಕಪ್ಪನಾ?" ಅಂದ, ಅಷ್ಟೇ. ಆ ರಾಗ ನನಗೆ ಹಿಡಿಸಲಿಲ್ಲ.

೨೨ ಜನವರಿ, ಬುಧವಾರ

ಸೊರಬಕ್ಕೆ ಹೋಗಿ ಬಂದೆ. ಹೋಗುವ ಮೊದಲು ನಟ್ಟಿನ ಅಳತೆ ತೆಗೆಯಬೇಕಲ್ಲ. ನನ್ನ ಹತ್ತಿರ ಇರುವುದು ಬಟ್ಟೆ ಅಳೆಯುವ ಟೇಪು, ಅದರಲ್ಲಿ ಕಾಲು ಇಂಚಿಗಿಂತ ಚಿಕ್ಕ ಗೆರೆ ಇಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಮನೆಯವಳು ಚಪಾತಿಗೆ ಕಲಸಿಟ್ಟಿದ್ದ ಹಿಟ್ಟಿನಲ್ಲಿ ಒಂದು ಉಂಡೆ ತೆಗೆದು ನಟ್ಟಿನ ಮೇಲೆ ಒತ್ತಿದೆ. ಆರು ಮೂಲೆಯ ಅಚ್ಚು ಬಂಗಾರದ ಹಾಗೆ ಬಂತು. ಬಾಳೆಲೆಯಲ್ಲಿ ಸುತ್ತಿ, ಚಿಕ್ಕ ಪಾನವನ್ನೂ ಜೊತೆಗಿಟ್ಟುಕೊಂಡು ಬಸ್ಸು ಹತ್ತಿದೆ.

ಸೊರಬದ ಬಸ್‌ಸ್ಟ್ಯಾಂಡಿನ ಎದುರು ಸದಾಶಿವಪ್ಪನವರ ಕಬ್ಬಿಣದ ಸಾಮಾನಿನ ಅಂಗಡಿ. ಅಡಿಕೆ ವ್ಯಾಪಾರದವರ ಗದ್ದಲದ ನಡುವೆ ಎಲೆ ಬಿಚ್ಚಿದೆ. ಬಿಸಿಲಿಗೆ ಹಿಟ್ಟು ಒಣಗಿ, ಬಿರುಕು ಬಿಟ್ಟು, ಅಚ್ಚು ಅರ್ಧಕ್ಕೆ ಇಳಿದಿತ್ತು. ಅವರು ಅದನ್ನು ಮೂಸಿ ನೋಡಿ, "ಚಪಾತಿಗೆ ಪಾನ ಕೊಟ್ಟು ನನಗೆ ಅಭ್ಯಾಸ ಇಲ್ಲ ಮಾರಾಯ್ರೆ" ಅಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಚಿಕ್ಕ ಪಾನ ತೋರಿಸಿ, ಡ್ರೈವರ್ ಕದ್ದ ಕಥೆಯನ್ನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ ಮೇಲೆ ನಗು ನಿಂತಿತು. ಇದಕ್ಕಿಂತ ಒಂದು ಅಳತೆ ಮೇಲಿನದು ಕೊಟ್ಟಿದ್ದಾರೆ.

ಹಾಗೇ ಸ್ಕೂಲಿಗೆ ಹೋಗಿ ಶಿಬಿರಕ್ಕೆ ಹೆಸರು ಬರೆಸಿದೆ. ಗುಮಾಸ್ತ ರೋಗಿಯ ಹೆಸರು ಕೇಳಿದ. ಮನೆಯವಳು ಅಂದೆ. ಹೆಸರು ಹೇಳ್ರಿ ಅಂದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವನಲ್ಲ, ನಮ್ಮ ಕಡೆ ಯಾರೂ ಹೇಳುವುದಿಲ್ಲ. ಕಾಗದ ಇಸಿದುಕೊಂಡು ನಾನೇ ಬರೆದುಕೊಟ್ಟೆ.

೨೩ ಜನವರಿ

ಹೊಸ ಪಾನ ದೊಡ್ಡದು. ನಟ್ಟಿನ ಮೇಲೆ ಗಾಣದ ಹಾಗೆ ಬರೀ ತಿರುಗುತ್ತದೆ.

೨೪ ಜನವರಿ

ನಾನು ಬಟ್ಟೆ ವ್ಯಾಪಾರಿ, ಸಡಿಲ ಇದ್ದದ್ದನ್ನು ಬಿಗಿ ಮಾಡುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಪಾನದೊಳಗೆ ಮಲ್ ಬಟ್ಟೆ ಎರಡು ಸುತ್ತು ಇಟ್ಟು ಹಾಕಿದೆ. ಹಿಡಿಯಿತು. ಮೈಯ ಭಾರವನ್ನೆಲ್ಲ ಬಿಟ್ಟು ತಿರುಗಿಸಿದೆ. ಬಟ್ಟೆ ಹರಿದು, ಪಾನ ಜಾರಿ, ನನ್ನ ಬಲಗೈ ಹೋಗಿ ಮಡ್‌ಗಾರ್ಡಿಗೆ ಬಡಿಯಿತು. ನಾಲ್ಕು ಗೆಣ್ಣಿನ ಚರ್ಮ ಎದ್ದು ಬಂತು.

ಮನೆಯವಳು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ತಂದಳು. ಗಾಯ ಎಲ್ಲಿದೆ ಎಂದು ಕೇಳಲಿಲ್ಲ, ಬೆರಳಿನಿಂದಲೇ ಹುಡುಕಿ ಹಚ್ಚಿದಳು. ನೋವಾಗಲಿಲ್ಲ. ಅವಳಿಗೆ ಬೆಳಕು ಕತ್ತಲು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ ಎಂಬುದು ಕೆಲವು ಸಲ ನನಗೆ ಮರೆತೇ ಹೋಗುತ್ತದೆ.

೨೬ ಜನವರಿ

ತಾಲ್ಲೂಕು ಕಚೇರಿಯಲ್ಲಿ ಧ್ವಜ ಏರಿಸಿದರು. ಹೋಗಿದ್ದೆ. ಮಿಠಾಯಿ ಹಂಚುವವನೂ ಸೇರಿ ಹನ್ನೊಂದು ಜನ ಕಾರಿನ ವಿಷಯ ಕೇಳಿದರು.

ಬೆಳಿಗ್ಗೆ ಅವಳು ಕಾಫಿ ಮಾಡುವುದನ್ನು ನಿಂತು ನೋಡಿದೆ. ಲೋಟದ ಅಂಚಿಗೆ ತೋರುಬೆರಳು ಮಡಿಸಿ ಇಟ್ಟುಕೊಂಡು ಕಾಫಿ ಸುರಿಯುತ್ತಾಳೆ. ಬಿಸಿ ತಾಗಿದ ಕೂಡಲೇ ನಿಲ್ಲಿಸುತ್ತಾಳೆ. ದಿನಕ್ಕೆ ನಾಲ್ಕು ಸಲ ನನಗೆ ಕಾಫಿ ಬೇಕು. ಆ ಬೆರಳಿನ ತುದಿ ಕೆಂಪಾಗಿದೆ.

೨೭ ಜನವರಿ, ಸೋಮವಾರ

ಇವತ್ತು ಮನೆಯಲ್ಲಿ ಮಾತು ಬೆಳೆಯಿತು. ಬೆಳೆಸಿದವನು ನಾನೇ, ಅವಳು ಹೇಳಿದ್ದು ಒಂದೇ ಮಾತು.

"ಲೋಕಪ್ಪಗೆ ಹೇಳಿ ಕಳ್ಸ್ರಿ. ಅವನು ಕದಿಯಾ ಮನುಷ್ಯ ಅಲ್ಲ."

ಕಳ್ಳನ ಕಾಲು ಹಿಡಿಯುವುದಕ್ಕಿಂತ ಕಾರನ್ನು ಕೆರೆಗೆ ನೂಕುತ್ತೇನೆ ಎಂದು ಕೂಗಾಡಿದೆ. ಪಕ್ಕದ ಮನೆ ಯಮುನಮ್ಮ ಕಿಟಕಿ ಮುಚ್ಚಿಕೊಂಡರು. ಅವನನ್ನು ತೆಗೆದದ್ದು ಯಾಕೆ ಎಂದು ಇವಳಿಗೆ ಗೊತ್ತಿಲ್ಲವೇ? ಪ್ರತಿ ಆಯುಧಪೂಜೆಗೂ ನಾನು ಸ್ವಂತ ಕೈಯಲ್ಲಿ ಚಕ್ರದ ನಟ್ಟುಗಳಿಗೆ ಬೆಳ್ಳಿ ಬಣ್ಣ ಬಳಿದು, ವಿಭೂತಿ ಹಚ್ಚಿ ಪೂಜೆ ಮಾಡುವುದು ಪದ್ಧತಿ. ಹೋದ ಸಲ ಆ ಲೋಕಪ್ಪ ನಾಲ್ಕು ಜನರೆದುರು ಬಂದು "ನಟ್ಟಿಗೆ ಬ್ಯಾಡ್ರಿ ಸಾವ್ಕಾರ್ರೆ, ಬಾನೆಟ್ಟಿಗೆ ಬೇಕಾದ್ರೆ ಹಚ್ರಿ" ಅಂದ. ಪೂಜೆ ಮಾಡುವುದನ್ನು ನನಗೆ ಡ್ರೈವರ್ ಕಲಿಸುವುದೇ? ಅಲ್ಲೇ ಬೀಗದ ಕೈ ಕಿತ್ತುಕೊಂಡು ಕಳಿಸಿದೆ. ಹಠಕ್ಕೆ ಬಿದ್ದು ಮೂರು ದಿನ ಮೂರು ಕೋಟು ಬಳಿದೆ, ಮೂರು ಸಲವೂ ಹಸಿ ಬಣ್ಣದ ಮೇಲೆ ಬೆರಳು ತುಂಬ ವಿಭೂತಿ ಹಚ್ಚಿದೆ. ಈಗಲೂ ನೋಡಿ ಬೇಕಾದರೆ, ಆ ನಟ್ಟುಗಳು ಬೆಳ್ಳಿ ಗುಂಡುಗಳ ಹಾಗೆ ಹೊಳೆಯುತ್ತಿವೆ.

ಅವಳು ಊಟಕ್ಕೆ ಬಡಿಸಿ ಒಳಗೆ ಹೋದಳು. ಶಿಬಿರಕ್ಕೆ ಏಳು ದಿನ.

೨೯ ಜನವರಿ, ಬುಧವಾರ

ಮತ್ತೆ ಸೊರಬ. ಸದಾಶಿವಪ್ಪನವರು ನನ್ನ ಸಲುವಾಗಿ ಶಿವಮೊಗ್ಗದಿಂದ ಎಲ್ಲ ಅಳತೆಯ ಪಾನ ತರಿಸಿದ್ದರು. ಚಿಕ್ಕದು, ದೊಡ್ಡದು ಎರಡನ್ನೂ ಅಕ್ಕಪಕ್ಕ ಇಟ್ಟು ಸಮಾಧಾನವಾಗಿ ತಿಳಿಸಿ ಹೇಳಿದರು.

"ಇದಕ್ಕೂ ಇದಕ್ಕೂ ನಡುವೆ ಇನ್ನೊಂದು ಅಳತೆಯೇ ಇಲ್ಲ ತೋಟಪ್ಪನೋರೆ. ನೀವು ಹೇಳೋ ನಟ್ಟನ್ನು ಯಾರೂ ಮಾಡೋದಿಲ್ಲ."

ಇಲ್ಲದ ನಟ್ಟು ನನ್ನ ಕಾರಿನಲ್ಲಿ ಐದಿವೆ.

ವಾಪಸ್ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ. ಏನೋ ತೋಚಿ, ಕಣ್ಣು ಮುಚ್ಚಿಕೊಂಡೆ. ಶಿರಾಳಕೊಪ್ಪದವರೆಗೂ ತೆರೆಯಬಾರದು ಎಂದು ಹಟ ಹಿಡಿದೆ. ಕಣ್ಣು ಮುಚ್ಚಿದರೆ ಗುಂಡಿ ಬರುವುದು ಮೊದಲೇ ಗೊತ್ತಾಗುವುದಿಲ್ಲ. ಗೊತ್ತಾದರೆ ಮೈ ಬಿಗಿ ಹಿಡಿಯಬಹುದು. ಗೊತ್ತಾಗದಿದ್ದರೆ ಪ್ರತಿಯೊಂದೂ ನೇರ ತಲೆಗೆ ಬಂದು ಬಡಿಯುತ್ತದೆ. ಅರವತ್ತೆರಡು ಗುಂಡಿ ಎಣಿಸಿ ಕಣ್ಣು ಬಿಟ್ಟೆ. ಅವಳು ಶಿವಮೊಗ್ಗದಿಂದ ಇಲ್ಲಿಯವರೆಗೆ ಹೀಗೇ ಬಂದಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು.

ಆ ದಿನ ಕಾರು ಬೇರೆ ಕೆಲಸದ ಮೇಲೆ ಹೋಗಿತ್ತು ಎಂದು ಮೇಲೆ ಬರೆದಿದ್ದೇನೆ. ಏನು ಕೆಲಸ ಎಂದು ಬರೆದಿಲ್ಲ. ಮಿಲ್ಲಿನವರ ಮಗನ ಮದುವೆ ಮೆರವಣಿಗೆ. ನಾನೇ ಮುಂದಾಗಿ ಕೊಟ್ಟಿದ್ದೆ. ಅಂಥ ದೊಡ್ಡ ಮದುವೆಯಲ್ಲಿ ಮದುಮಗ ನನ್ನ ಕಾರಿನಲ್ಲಿ ಕೂರಲಿ ಅಂತ. ಅಮ್ಮಾರನ್ನು ಕರೆತಂದು ಆಮೇಲೆ ಮೆರವಣಿಗೆಗೆ ಹೋಗ್ತೀನ್ರಿ ಎಂದು ಲೋಕಪ್ಪ ಎರಡು ಸಲ ಕೇಳಿದ್ದ. ಹೂವು ಕಟ್ಟಿ ಆಗಿದೆ, ಬೇಡ ಅಂದಿದ್ದೆ. ಅವಳು ಇವತ್ತಿನವರೆಗೂ ಅದನ್ನು ಎತ್ತಿ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

೩೧ ಜನವರಿ, ಶುಕ್ರವಾರ

ಸಿಕ್ಕಿತು. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಕಾಫಿ ನಾನೇ ಮಾಡಿ ಅವಳಿಗೂ ಕೊಟ್ಟು, ಉಳಿ ಸುತ್ತಿಗೆ ಹಿಡಿದು ಕಾರಿನ ಹತ್ತಿರ ಹೊರಟೆ. ಉಚ್ಚಂಗಪ್ಪ ಹೇಳಿದ ಹಾಗೆ ಕಡಿದೇ ಬಿಡುವುದು ಎಂದು ತೀರ್ಮಾನಿಸಿದ್ದೆ. ಅವಳು ನನ್ನನ್ನೂ ಅಲ್ಲಿಗೆ ಕರ್ಕೊಂಡು ಹೋಗ್ರಿ ಅಂದಳು. ನಿನಗೇನು ಕಾಣುತ್ತದೆ ಎನ್ನುವ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ಕೈ ಹಿಡಿದು ಕರೆದೊಯ್ದು ಚಕ್ರದ ಎದುರು ಮಣೆ ಹಾಕಿ ಕೂರಿಸಿದೆ.

ಅವಳು ಮೊದಲು ಚಿಕ್ಕ ಪಾನ ಕೈಗೆ ತೆಗೆದುಕೊಂಡು ಒಳಗೆ ಬೆರಳು ಆಡಿಸಿದಳು. ಆಮೇಲೆ ಒಂದು ನಟ್ಟನ್ನು ಸವರಿದಳು. ಮತ್ತೆ ಪಾನ, ಮತ್ತೆ ನಟ್ಟು. ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಅವಳ ಮುಖ ಹೀಗೇ ಇರುತ್ತದೆ.

"ಇದು ಕಬ್ಬಿಣ ಅಲ್ರೀ," ಅಂದಳು. "ಕಬ್ಬಿಣದ ಮೂಲೆ ಚೂಪಾಗಿರುತ್ತೆ. ಇದು ಸುಣ್ಣ ಬಳಿದು ಬಳಿದು ಮೊಂಡಾದ ಗೋಡೆ ಮೂಲೆ ಇದ್ದಂಗೆ ಐತೆ."

ಉಗುರಿನಿಂದ ಕೆರೆದಳು, ಏನೂ ಆಗಲಿಲ್ಲ. ತರಕಾರಿ ಹೆಚ್ಚುವ ಚಾಕು ತರಿಸಿಕೊಂಡು ಅಂಚಿಗೆ ಕೊಟ್ಟು ಮೀಟಿದಳು. ಒಂದು ಹೆಕ್ಕಳೆ ಎದ್ದು ನನ್ನ ಅಂಗೈಗೆ ಬಿತ್ತು. ಬೆಳಕಿಗೆ ಹಿಡಿದೆ. ಬೆಳ್ಳಿ, ಬಿಳಿ, ಬೆಳ್ಳಿ, ಬಿಳಿ, ಬೆಳ್ಳಿ, ಬಿಳಿ, ಬೆಳ್ಳಿ. ತಟ್ಟಿದರೆ ಗಾರೆಯ ಹಾಗೆ ಗಟ್ಟಿ. ಆ ಬಿಳಿ ವಿಭೂತಿ. ಮೇಲಿನದು ಚೆಂದ ಕಾಣಲಿ ಎಂದು ಕೊನೆಗೆ ಎಳೆದ ನಾಲ್ಕನೆಯ ಕೋಟು ನನಗೆ ಮರೆತೇ ಹೋಗಿತ್ತು.

ಕೆರೆದ ನಟ್ಟಿನ ಮೇಲೆ ಚಿಕ್ಕ ಪಾನ ಇಟ್ಟೆ. ಟಕ್ ಎಂದು ಕೂತಿತು. ಎಂಟು ವರ್ಷ ಕೂತ ಹಾಗೆಯೇ.

ಐದು ನಟ್ಟು ಕೆರೆಯಲು ಮಧ್ಯಾಹ್ನದವರೆಗೆ ಹಿಡಿಯಿತು. ಅವಳು ಹಿಡಿದು ತೋರಿಸಿದಳು, ನಾನು ಕೆರೆದೆ.

೧ ಫೆಬ್ರವರಿ, ಶನಿವಾರ

ಚಕ್ರ ನಾನೇ ಬದಲಾಯಿಸಿದೆ. ಆಮೇಲೆ ಈಸೂರಿಗೆ ಹೋದೆ.

ಲೋಕಪ್ಪ ಹೊಲದಲ್ಲಿ ಅಣ್ಣ ಸಣ್ಣಬೀರಪ್ಪನ ಕುರಿ ಕಾಯುತ್ತಿದ್ದ. ಕಾರಿನ ಸದ್ದು ಕೇಳಿ ಎದ್ದು ನಿಂತ, ಆದರೆ ಹತ್ತಿರ ಬರಲಿಲ್ಲ. ನಾನೇ ಇಳಿದು ಹೋದೆ. ಹೆಕ್ಕಳೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿದ್ದೆ, ಕೊಟ್ಟೆ. ನೋಡಿ ವಾಪಸ್ ಕೊಟ್ಟ. ಪ್ರತಿ ವರ್ಷ ಪೂಜೆಯ ಮಾರನೆಯ ದಿನ ನಾನು ಅಂಗಡಿಗೆ ಹೋದ ಮೇಲೆ ಅವನು ನಟ್ಟುಗಳ ಪಕ್ಕ ಕೆರೆದು, ಎದುರಿನ ಮುಖ ಮಾತ್ರ ಹೊಳೆಯುವ ಹಾಗೆ ಬಿಡುತ್ತಿದ್ದನಂತೆ. ನನಗೆ ಬೇಸರ ಆಗಬಾರದು ಅಂತ. ಏಳು ವರ್ಷ ಹಾಗೆ ಮಾಡಿ ಎಂಟನೆಯ ವರ್ಷ ಬಾಯಿಬಿಟ್ಟು ಹೇಳಿದ.

ತಪ್ಪಾಯಿತು ಅಂದೆ. ಅವನು ಕುರಿಗಳ ಕಡೆ ನೋಡುತ್ತ ಹೇಳಿದ.

"ಬಸ್ ಕಂಪನ್ಯಾಗೆ ನಂಗೆ ಡ್ರೈವರ್ ಕೆಲ್ಸ ಕೊಡ್ತೀವಿ ಅಂದಿದ್ರು ಸಾವ್ಕಾರ್ರೆ. ಹತ್ತು ದಿನದ ಹಿಂದೆ ಕರೆಸಿ, ಬ್ಯಾಡ ಅಂದ್ರು. ಕಾರಣ ಹೇಳ್ಲಿಲ್ಲ. ಉಚ್ಚಂಗಪ್ಪ ಹೇಳ್ದ."

ಇಪ್ಪತ್ತನೆಯ ತಾರೀಖು ಮ್ಯಾನೇಜರ ಎದುರು ನಾನು ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿತ್ತು.

"ಅಮ್ಮಾರನ್ನ ಸೊರಬಕ್ಕೆ ನಾನು ಕರ್ಕೊಂಡು ಹೋಗ್ತೀನಿ, ವಾಪಸ್ ತರ್ತೀನಿ," ಅಂದ. "ಅದು ಅಮ್ಮಾರ ಋಣ. ನಿಮ್ ಹತ್ರ ನಾನು ಬ್ಯಾರೆ ಏನೂ ಕೇಳಾದಿಲ್ಲ. ನೀವು ನನ್ನ ಕಳ್ಳ ಅಂದದ್ದು ನಾಲ್ಕು ಕಡೆ. ಆ ನಾಲ್ಕು ಕಡೆ ಹೋಗಿ ಅಲ್ಲ ಅನ್ರಿ."

೨ ಫೆಬ್ರವರಿ, ಭಾನುವಾರ

ಮೊದಲು ಚೌಡಪ್ಪ. ಎತ್ತಿಗೆ ನೀರು ಕುಡಿಸುತ್ತಿದ್ದ. ಹೇಳಿದೆ. "ಆಗ್ಲೇ ಅನ್ನಿಸ್ತು ಬುಡ್ರಿ" ಅಂದ. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿಮಗಾ ಎಂದು ನಕ್ಕ.

ಬಸ್ ಕಂಪನಿಯಲ್ಲಿ ಉಚ್ಚಂಗಪ್ಪನನ್ನೂ ಮ್ಯಾನೇಜರನ್ನೂ ಒಟ್ಟಿಗೆ ಕೂರಿಸಿ ಹೇಳಿದೆ. ನಟ್ಟು ಕೆಡಿಸಿದವನು ನಾನು, ವಿಭೂತಿ ಹಚ್ಚಿ ಕೆಡಿಸಿದೆ, ಲೋಕಪ್ಪ ಒಂದು ಮೊಳೆಯನ್ನೂ ಮುಟ್ಟಿದವನಲ್ಲ ಎಂದು. ಮ್ಯಾನೇಜರು ನಕ್ಕರು. ನಗಲಿ. ಬರೆದುಕೊಡಿ ಅಂದರು. ಬರೆದು ಸಹಿ ಹಾಕಿಕೊಟ್ಟೆ.

ಮೂರನೆಯದು ಪೇಟೆ ಬೀದಿ, ಕಾರಿನ ವಿಷಯ ಕೇಳಿದವರಿಗೆಲ್ಲ ಅಲ್ಲಿ ಇದನ್ನೇ ಹೇಳಿದ್ದೆ. ಅಲ್ಲೂ ಕಟ್ಟೆ ಕಟ್ಟೆಗೆ ಹೋಗಿ ಹೇಳಿ ಬಂದೆ. ಇದಕ್ಕಿಂತ ನಟ್ಟು ಬಿಚ್ಚುವುದು ಸುಲಭ.

ಸೊರಬ, ೩ ಫೆಬ್ರವರಿ, ಸೋಮವಾರ

ಸದಾಶಿವಪ್ಪನವರ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಅಡಿಕೆಯವರು ಸೇರುವವರೆಗೂ ಕಾದು, ಎಲ್ಲರೆದುರು ಹೇಳಿದೆ. ಲೋಕಪ್ಪ ರಸ್ತೆಯ ಆಚೆ ಕಾರಿನ ಪಕ್ಕ ನಿಂತಿದ್ದ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ತಲೆ ತಗ್ಗಿಸಿ ಗಾಜು ಒರೆಸುತ್ತಿದ್ದ.

ಶಿಬಿರದ ಬಾಗಿಲಲ್ಲಿ ಗುಮಾಸ್ತ ರೋಗಿಯ ಹೆಸರು ಕೇಳಿದ. ರಾಜೇಶ್ವರಮ್ಮ ಅಂದೆ. ಅವಳು ನನ್ನ ಕಡೆ ಮುಖ ತಿರುಗಿಸಿದಳು.

ಶಿಕಾರಿಪುರ, ೧೪ ಫೆಬ್ರವರಿ, ಶುಕ್ರವಾರ

ಮನೆಗೆ ಬಂದೆವು. ಅಂಗಡಿಯಿಂದ ತರಿಸಿದ ಲಾಂಗ್‌ಕ್ಲಾತ್ ಬಟ್ಟೆಯ ಥಾನುಗಳನ್ನು ತಲೆಯ ಎರಡೂ ಕಡೆ ಒತ್ತುಕೊಟ್ಟು, ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದೆ. ಇಪ್ಪತ್ತೈದು ಮೈಲಿಗೆ ನಾಲ್ಕೂವರೆ ಗಂಟೆ. ಲೋಕಪ್ಪ ಗುಂಡಿ ಬರುವ ಮೊದಲೇ "ಈಗೊಂದು ಐತ್ರಿ" ಎಂದು ಹೇಳುತ್ತಿದ್ದ, ನಾನು ಕೈ ಬಿಗಿ ಮಾಡುತ್ತಿದ್ದೆ. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು.

ಇಳಿಯುವಾಗ ಅವನ ಹಳೆಯ ಕೆಲಸ ಅವನದೇ ಎಂದು ಹೇಳಿದೆ. ಬೀಗದ ಕೈ ನನ್ನ ಕೈಗೆ ಕೊಟ್ಟು, "ಬಸ್ಸಿನೋರು ಮತ್ತೆ ಕರೆದಾರ್ರಿ. ನಿಮಗೀಗ ನಟ್ಟು ಬಿಚ್ಚಾಕೂ ಬರ್ತೈತಲ್ಲ" ಅಂದ. ಕಾಫಿ ಕುಡಿದು, ನಡೆದುಕೊಂಡೇ ಈಸೂರಿಗೆ ಹೊರಟ. ಕಾರಿನಲ್ಲಿ ಬಿಡುತ್ತೇನೆ ಅಂದರೂ ಹತ್ತಲಿಲ್ಲ.

೨೦ ಏಪ್ರಿಲ್, ಭಾನುವಾರ

ಎರಡು ತಿಂಗಳು ಈ ಪುಸ್ತಕ ಮುಟ್ಟಿರಲಿಲ್ಲ. ಮೊನ್ನೆ ರಾಜೇಶ್ವರಿಗೆ ಕನ್ನಡಕ ಬಂತು, ಸೋಡಾ ಬಾಟಲಿಯ ತಳದಷ್ಟು ದಪ್ಪ. ಅವತ್ತಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದಾಳೆ: ಕ್ಯಾಲೆಂಡರು, ಸಾಬೂನಿನ ಕಾಗದ, ಥಾನಿನ ಮೇಲಿನ ಮುದ್ರೆ.

ಇವತ್ತು ಅಂಗಡಿಯಿಂದ ಬಂದಾಗ ಈ ಪುಸ್ತಕ ಅವಳ ಮಡಿಲಲ್ಲಿತ್ತು. ಮೊದಲನೆಯ ಪುಟವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದಳು. ನಾನು ಸುಮ್ಮನೆ ಹೊಸ್ತಿಲಲ್ಲಿ ನಿಂತೆ. ಶಾಲೆಯ ಮಕ್ಕಳ ಹಾಗೆ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು.

"ಲೋ-ಕ-ಪ್ಪ ಕ-ಳ್ಳ."

ಅವಳು ಓದಿದಳಲ್ಲ ಎಂದು ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. ಏನು ಓದಿದಳು ಎಂಬುದು ಆಮೇಲೆ ತಲೆಗೆ ಹೋಯಿತು.

"ಇಲ್ಲಿ ಅಂದದ್ದು ಉಳಿದೇ ಐತಲ್ರೀ," ಅಂದಳು.

ಪೆನ್ನು ತೆಗೆದು ಆ ಸಾಲು ಹೊಡೆದುಹಾಕಲು ಹೋದೆ. ಕೈ ಅಡ್ಡ ಇಟ್ಟಳು. ಅದರ ಮೇಲೆ ಮತ್ತೆ ಬಳೀಬ್ಯಾಡ್ರಿ, ಅದು ಹಂಗೇ ಇರಲಿ, ಕೆಳಗೆ ಇನ್ನೊಂದು ಬರೀರಿ ಅಂದಳು. ಬರೆದೆ. ಅವಳು ಪುಸ್ತಕವನ್ನು ಮತ್ತೆ ಕಣ್ಣಿನ ಹತ್ತಿರ ತೆಗೆದುಕೊಂಡು ಅದನ್ನೂ ಓದಿ ನೋಡಿದಳು.